ಕಾಣದ ಶತ್ರು, ತಿಳಿದ ಅಂತ್ಯ: ಪೆಸಿಫಿಕ್ ಸಮರಕ್ರೀಡೆಗಳಲ್ಲಿ ವಿಮಾನವಾಹಕ ಯುದ್ಧದ ಕಥನ

೧. ಪ್ರವೇಶ

ಯುದ್ಧಕಥನವು ಕನ್ನಡ ವಿದ್ವತ್ತಿಗೆ ಹಳೆಯ ವಿಷಯ. ಪಂಪ, ರನ್ನ, ಕುಮಾರವ್ಯಾಸರ ಕಾವ್ಯಗಳ ಯುದ್ಧವರ್ಣನೆಗಳು, ವೀರಗಲ್ಲುಗಳ ಪಾಠಗಳು, ಜನಪದ ಲಾವಣಿಗಳು ನಮ್ಮಲ್ಲಿ ಸಾಕಷ್ಟು ಅಧ್ಯಯನಕ್ಕೆ ಒಳಗಾಗಿವೆ. ಈ ಕಥನಗಳಿಗೆಲ್ಲ ಸಮಾನವಾದ ಒಂದು ಲಕ್ಷಣವಿದೆ. ಹೇಳುವವನಿಗೂ ಕೇಳುವವನಿಗೂ ಯುದ್ಧದ ಕೊನೆ ಮೊದಲೇ ಗೊತ್ತಿರುತ್ತದೆ. ರನ್ನನ ಗದಾಯುದ್ಧವನ್ನು ಸಿಂಹಾವಲೋಕನ ಕ್ರಮದ ಕಾವ್ಯವೆಂದು ಕರೆಯುವಾಗ ನಾವು ಗುರುತಿಸುವುದೂ ಇದನ್ನೇ. ಭೀಮ ದುರ್ಯೋಧನರ ಕಡೆಯ ಕಾಳಗದ ನೆಲೆಯಲ್ಲಿ ನಿಂತು ಕವಿಯು ಹಿಂದಿನ ಭಾರತವನ್ನೆಲ್ಲ ತಿರುಗಿ ನೋಡುತ್ತಾನೆ. ಅಂತ್ಯ ತಿಳಿದಿರುವುದರಿಂದ ಹಿಂದಿನ ಪ್ರತಿಯೊಂದು ಘಟನೆಯೂ ಆ ಅಂತ್ಯದ ಕಡೆಗೇ ಸಾಗುತ್ತಿತ್ತೆಂದು ತೋರುತ್ತದೆ.

ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಯುದ್ಧವನ್ನು ನಿರೂಪಿಸುವ ಒಂದು ಪ್ರಕಾರವು ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ಅದು ಸಮರಕ್ರೀಡೆ. ಇಲ್ಲಿ ಯುದ್ಧವು ಆಗಿಹೋದ ಸಂಗತಿಯಾಗಿ ಬಾರದೆ, ಇನ್ನೂ ನಿರ್ಧಾರವಾಗಬೇಕಾದ ಸಂಗತಿಯಾಗಿ ಬರುತ್ತದೆ. ಎರಡನೆಯ ಮಹಾಯುದ್ಧದ ಪೆಸಿಫಿಕ್ ರಂಗವನ್ನು, ವಿಶೇಷವಾಗಿ ಅಲ್ಲಿನ ವಿಮಾನವಾಹಕ ನೌಕೆಗಳ ಕದನಗಳನ್ನು ಆಡಿಸುವ ಆಟಗಳು ಈ ಪ್ರಕಾರದ ಅತ್ಯಂತ ಕಠಿಣ ಮಾದರಿಗಳು. ಇಂಥ ಆಟದ ನಿಯಮಾವಳಿಯನ್ನು ಇತಿಹಾಸದ ಮೇಲಿನ ಒಂದು ವ್ಯಾಖ್ಯಾನವಾಗಿ ಓದಬಹುದು. ಹಾಗೆ ಓದಿದಾಗ ಯುದ್ಧಕಥನಗಳಲ್ಲಿ 'ಅನಿವಾರ್ಯತೆ' ಎಂಬುದು ಹೇಗೆ ಕಟ್ಟಲ್ಪಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

೨. ವಿಮಾನವಾಹಕ ಯುದ್ಧದ ಸ್ವರೂಪ

ಹಿಂದಿನ ನೌಕಾಯುದ್ಧಗಳಲ್ಲಿ ಎದುರಾಳಿ ಹಡಗುಗಳು ಪರಸ್ಪರ ಕಾಣುತ್ತಿದ್ದವು. ೧೯೪೨ರ ಮೇ ತಿಂಗಳಿನ ಕೋರಲ್ ಸಮುದ್ರದ ಕದನದಲ್ಲಿ ಮೊದಲ ಬಾರಿಗೆ ಎರಡೂ ಪಕ್ಷದ ಹಡಗುಗಳು ಒಂದನ್ನೊಂದು ನೋಡದೆಯೇ ಕಾದಾಡಿದವು. ಶತ್ರುವನ್ನು ಹುಡುಕುವುದು ಶೋಧ ವಿಮಾನದ ಕೆಲಸ. ಹೊಡೆಯುವುದು ಬಾಂಬರ್ ಮತ್ತು ಟಾರ್ಪಿಡೊ ವಿಮಾನಗಳ ಕೆಲಸ. ನೂರಾರು ಮೈಲಿ ದೂರದಲ್ಲಿ ಕುಳಿತ ಸೇನಾಪತಿಗೆ ಸಿಗುವುದು ವರದಿ ಮಾತ್ರ.

ಈ ಯುದ್ಧದ ಗಣಿತವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬೆಳಿಗ್ಗೆ ಎಂಟು ಗಂಟೆಗೆ ೧೫೦ ನಾಟಿಕಲ್ ಮೈಲಿ ದೂರದಲ್ಲಿ ಶತ್ರುನೌಕೆ ಕಂಡಿತೆಂದು ವರದಿ ಬಂದಿತೆನ್ನೋಣ. ವಿಮಾನಗಳನ್ನು ಸಜ್ಜುಗೊಳಿಸಿ ಹಾರಿಸಲು ಮೂವತ್ತೈದು ನಿಮಿಷ, ೧೩೦ ನಾಟ್ ವೇಗದಲ್ಲಿ ಅಲ್ಲಿಗೆ ತಲಪಲು ಎಪ್ಪತ್ತು ನಿಮಿಷ, ಒಟ್ಟು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ೨೫ ನಾಟ್ ವೇಗದ ಶತ್ರುನೌಕೆ ಸುಮಾರು ೪೪ ನಾಟಿಕಲ್ ಮೈಲಿ ಚಲಿಸಿರುತ್ತದೆ. ಯಾವ ದಿಕ್ಕಿಗೆ ಎಂಬುದು ತಿಳಿಯದಿದ್ದರೆ ಹುಡುಕಬೇಕಾದ ಪ್ರದೇಶ ಸುಮಾರು ೬,೦೦೦ ಚದರ ನಾಟಿಕಲ್ ಮೈಲಿ. ಇಷ್ಟೂ ಲೆಕ್ಕವು ಮೊದಲ ವರದಿ ಸರಿಯಾಗಿತ್ತೆಂಬ ನಂಬಿಕೆಯ ಮೇಲೆ ನಿಂತಿದೆ.

ಆ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ ಅದೇ ಕೋರಲ್ ಸಮುದ್ರದ ಕದನದಲ್ಲಿ, ಮೇ ೭ರಂದು, ಎರಡೂ ಕಡೆಯಿಂದ ನಿದರ್ಶನ ದೊರೆಯಿತು. ಜಪಾನಿ ಶೋಧಕರು ಅಮೆರಿಕದ ತೈಲವಾಹಕ ನಿಯೋಶೊ ಮತ್ತು ಅದರ ಬೆಂಗಾವಲಿನ ಸಿಮ್ಸ್ ಹಡಗುಗಳನ್ನು ವಿಮಾನವಾಹಕ ಮತ್ತು ಕ್ರೂಸರ್ ಎಂದು ವರದಿ ಮಾಡಿದರು. ಶೊಕಾಕು ಮತ್ತು ಝುಯಿಕಾಕು ನೌಕೆಗಳ ದಾಳಿಬಲವು ಆ ಎರಡು ಸಣ್ಣ ಗುರಿಗಳ ಮೇಲೆ ವ್ಯಯವಾಯಿತು. ಅದೇ ಬೆಳಿಗ್ಗೆ ಅಮೆರಿಕದ ಶೋಧ ವಿಮಾನವೊಂದರ ಸಂದೇಶವು ಸಂಕೇತಲಿಪಿಯ ತಪ್ಪಿನಿಂದಾಗಿ ಇಲ್ಲದ ಎರಡು ವಿಮಾನವಾಹಕಗಳನ್ನು ಸೃಷ್ಟಿಸಿತು. ಅಡ್ಮಿರಲ್ ಫ್ಲೆಚರ್ ತಮ್ಮ ಎರಡೂ ನೌಕೆಗಳ ದಾಳಿ ವಿಮಾನಗಳನ್ನು ಆ ದಿಕ್ಕಿಗೆ ಕಳುಹಿಸಿಬಿಟ್ಟಿದ್ದರು. ಅವು ಹಾರಿದ ಮೇಲೆ ತಪ್ಪು ಬಯಲಾಯಿತು. ಆದರೆ ಅದೇ ದಿಕ್ಕಿನ ಸಮೀಪದಲ್ಲಿ ಶೋಹೊ ಎಂಬ ಚಿಕ್ಕ ವಿಮಾನವಾಹಕ ನಿಜವಾಗಿಯೂ ಇದ್ದು, ಅದು ಮುಳುಗಿತು. ಒಂದು ತಪ್ಪು ನಷ್ಟಕ್ಕೆ, ಇನ್ನೊಂದು ತಪ್ಪು ಲಾಭಕ್ಕೆ ಕಾರಣವಾಯಿತು. ಗೆದ್ದವನ ತಪ್ಪನ್ನು ಇತಿಹಾಸವು ಸುಲಭವಾಗಿ ಮರೆಯುತ್ತದೆ.

೩. ಮರೆಮಾಚುವ ತಂತ್ರಗಳು

ಚದುರಂಗ ಅಥವಾ ಪಗಡೆಯ ಹಾಸಿನಲ್ಲಿ ಎಲ್ಲ ಕಾಯಿಗಳೂ ಇಬ್ಬರಿಗೂ ಕಾಣುತ್ತವೆ. ವಿಮಾನವಾಹಕ ಯುದ್ಧವನ್ನು ಆಟವಾಗಿಸುವವರ ಮೊದಲ ಸಮಸ್ಯೆಯೇ ಕಾಯಿಗಳನ್ನು ಕಾಣದಂತೆ ಮಾಡುವುದು. ಈ ಸಮಸ್ಯೆಗೆ ದೊರೆತ ಪರಿಹಾರಗಳ ಇತಿಹಾಸವೇ ಈ ಪ್ರಕಾರದ ಇತಿಹಾಸ ಎನ್ನಬಹುದು.

ಅವಲಾನ್ ಹಿಲ್ ಸಂಸ್ಥೆಯು ೧೯೬೪ರಲ್ಲಿ ಪ್ರಕಟಿಸಿದ 'ಮಿಡ್ವೇ' ಆಟದಲ್ಲಿ ಇಬ್ಬರು ಆಟಗಾರರ ನಡುವೆ ಮರೆಯೊಂದಿದ್ದು, ಪ್ರತಿಯೊಬ್ಬರೂ ತಮ್ಮ ತಮ್ಮ ಶೋಧಹಾಸಿನ ಮೇಲೆ ಪಡೆಗಳನ್ನು ಗುಪ್ತವಾಗಿ ನಡೆಸುತ್ತಾರೆ. ಒಬ್ಬನು ಸಮುದ್ರದ ಒಂದು ಭಾಗವನ್ನು ಹೆಸರಿಸಿ ಕೇಳಿದಾಗ ಎದುರಾಳಿಯು ಅಲ್ಲಿ ತನ್ನ ಹಡಗುಗಳಿವೆಯೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮಿಡ್ವೇ ಕದನದಲ್ಲಿ ಎಂಟರ್‌ಪ್ರೈಸ್ ನೌಕೆಯ ಡೈವ್ ಬಾಂಬರ್‌ಗಳನ್ನು ಮುನ್ನಡೆಸಿದ್ದ ವೇಡ್ ಮೆಕ್ಲಸ್ಕಿ ಈ ಆಟಕ್ಕೆ ತಾಂತ್ರಿಕ ಸಲಹೆಗಾರರಾಗಿದ್ದರೆಂಬುದು ಗಮನಾರ್ಹ. ೧೯೭೭ರ 'ಫ್ಲಾಟ್ ಟಾಪ್' ಆಟವು, ಎಸ್. ಕ್ರೇಗ್ ಟೇಲರ್ ವಿನ್ಯಾಸದಲ್ಲಿ, ಕಾಲವನ್ನು ಒಂದೊಂದು ಗಂಟೆಯ ಸರದಿಗಳಾಗಿ ವಿಭಜಿಸಿತು. ಇಲ್ಲಿ ವಿಮಾನಗಳು ಈಗತಾನೆ ಇಳಿದವು, ಸಜ್ಜಾಗುತ್ತಿರುವವು, ಸಜ್ಜಾದವು ಎಂಬ ಮೂರು ಸ್ಥಿತಿಗಳನ್ನು ದಾಟಬೇಕು. ಹೀಗಾಗಿ ಆಟಗಾರನ ಗಮನವು ಶತ್ರುವಿನಷ್ಟೇ ತನ್ನ ಡೆಕ್ಕಿನ ಮೇಲೂ ಇರಬೇಕಾಗುತ್ತದೆ. ೧೯೯೦ರಲ್ಲಿ ಜಾನ್ ಸದರ್ಡ್ ರೂಪಿಸಿದ 'ಕ್ಯಾರಿಯರ್' ಒಬ್ಬನೇ ಆಡುವ ಆಟ. ಜಪಾನಿ ಪಡೆಗಳು ಮೊದಲು ಹೆಸರಿಲ್ಲದ ಕಾಯಿಗಳಾಗಿ ಬಂದು, ಶೋಧ ಮುಂದುವರಿದಂತೆ ಹಂತಹಂತವಾಗಿ ತಮ್ಮ ನಿಜರೂಪವನ್ನು ತೋರುತ್ತವೆ.

ಗಣಕದ ಆಟಗಳು ಮರೆಮಾಚುವ ಕೆಲಸವನ್ನು ಯಂತ್ರಕ್ಕೆ ವಹಿಸಿದವು. ಆಸ್ಟ್ರೇಲಿಯದ ಎಸ್‌ಎಸ್‌ಜಿ ಸಂಸ್ಥೆಯ 'ಕ್ಯಾರಿಯರ್ಸ್ ಅಟ್ ವಾರ್' ೧೯೮೪ರಲ್ಲಿ ಬಂದಿತು. ೨೦೦೪ರ 'ವಾರ್ ಇನ್ ದ ಪೆಸಿಫಿಕ್' ಮತ್ತು ಅದರ ೨೦೦೯ರ ವಿಸ್ತೃತ ರೂಪವಾದ 'ಅಡ್ಮಿರಲ್ಸ್ ಎಡಿಷನ್' ೧೯೪೧ರ ಡಿಸೆಂಬರ್‌ನಿಂದ ಇಡೀ ಯುದ್ಧವನ್ನು ದಿನಕ್ಕೊಂದು ಸರದಿಯಂತೆ ಆಡಿಸುತ್ತವೆ. ಭಾರತ ಮತ್ತು ಸಿಂಹಳವನ್ನೂ ಒಳಗೊಂಡ ಇದರ ನಕಾಶೆ ೨೦೦೯ರ ರೂಪದಲ್ಲಿ ತಲಾ ೪೬ ಮೈಲಿ ಅಗಲದ ಷಟ್ಕೋನ ಮನೆಗಳಾಗಿ ಹಂಚಿಕೆಯಾಗಿದೆ. ಇಲ್ಲಿ ಆಟಗಾರನು ದಾಳಿಯನ್ನು ಸ್ವತಃ ನಡೆಸುವಂತಿಲ್ಲ. ಎಷ್ಟು ವಿಮಾನಗಳು ಶೋಧಕ್ಕೆ, ಎಷ್ಟು ರಕ್ಷಣೆಗೆ, ಎಷ್ಟು ದೂರದವರೆಗೆ ದಾಳಿ ಎಂಬ ಆದೇಶಗಳನ್ನು ಬರೆದಿಟ್ಟು ಸರದಿಯನ್ನು ಮುಗಿಸುತ್ತಾನೆ. ಹವಾಮಾನ, ಪಡೆಯ ನಾಯಕನ ಸ್ವಭಾವ, ಪೈಲಟ್ಟುಗಳ ಅನುಭವ ಇವುಗಳ ಪ್ರಕಾರ ಯಂತ್ರವು ಕದನವನ್ನು ನಡೆಸಿ ತೋರಿಸುತ್ತದೆ. ಶತ್ರುವಿನ ಸುಳಿವು ಸಿಕ್ಕಾಗ ಪಡೆಯು ತಾನೇ ಮುಂದೆ ಸರಿದು ಆಟಗಾರನ ಉದ್ದೇಶವನ್ನು ಕೆಡಿಸುವುದೂ ಉಂಟು. ಶತ್ರುವಿನ ನಷ್ಟದ ವರದಿಗಳನ್ನೂ ಪೂರ್ತಿ ನಂಬುವಂತಿಲ್ಲ. ಆಟಗಾರನು ಬರೆಯುವವನಾಗಿ ಆರಂಭಿಸಿ, ತಾನು ಬರೆದುದರ ಪರಿಣಾಮವನ್ನು ಓದುವವನಾಗಿ ದಿನವನ್ನು ಮುಗಿಸುತ್ತಾನೆ.

೪. ನಿಯಮವೆಂಬ ವ್ಯಾಖ್ಯಾನ

ನಿಯಮಗಳು ತಟಸ್ಥವಲ್ಲ. ಪ್ರತಿಯೊಂದು ನಿಯಮದ ಹಿಂದೆಯೂ 'ಅಂದು ಹೀಗಾದದ್ದು ಈ ಕಾರಣದಿಂದ' ಎಂಬ ತೀರ್ಮಾನವೊಂದು ಅಡಗಿರುತ್ತದೆ. ೧೯೪೨ರ ಜೂನ್ ೪ರ ಮಿಡ್ವೇ ಕದನವು ಇದಕ್ಕೆ ಉತ್ತಮ ಉದಾಹರಣೆ.

ಅಂದು ಬೆಳಿಗ್ಗೆ ೭-೧೫ರ ಹೊತ್ತಿಗೆ ಅಡ್ಮಿರಲ್ ನಗುಮೊ, ನೌಕಾದಾಳಿಗೆಂದು ಮೀಸಲಿಟ್ಟಿದ್ದ ವಿಮಾನಗಳಿಗೆ ಭೂದಾಳಿಯ ಬಾಂಬುಗಳನ್ನು ಜೋಡಿಸಲು ಆದೇಶಿಸಿದರು. ಸ್ವಲ್ಪ ಹೊತ್ತಿನಲ್ಲೇ ಅಮೆರಿಕದ ಹಡಗುಗಳು ಕಂಡವೆಂಬ ವರದಿ ಬಂದು ಆದೇಶ ಬದಲಾಯಿತು. ಅವುಗಳ ಜೊತೆ ವಿಮಾನವಾಹಕವೂ ಇರುವಂತಿದೆ ಎಂಬ ಸಂದೇಶ ೮-೨೦ರ ಹೊತ್ತಿಗೆ ಬಂದಿತು. ೧೦-೨೦ರ ನಂತರದ ಕೆಲವೇ ನಿಮಿಷಗಳಲ್ಲಿ ಡೈವ್ ಬಾಂಬರ್‌ಗಳ ದಾಳಿಗೆ ಕಾಗಾ, ಅಕಾಗಿ, ಸೊರ್ಯು ನೌಕೆಗಳು ಹೊತ್ತಿ ಉರಿದವು. ಸಂಜೆ ಹಿರ್ಯು ನೌಕೆಗೂ ಅದೇ ಗತಿಯಾಯಿತು.

ಈ ಘಟನೆಯನ್ನು ಜಗತ್ತು ಬಹುಕಾಲ ಓದಿದ್ದು ಫುಚಿದಾ ಮಿತ್ಸುವೊ ಮತ್ತು ಒಕುಮಿಯಾ ಮಸಾತಾಕೆ ಅವರ ಗ್ರಂಥದ ಮೂಲಕ. ೧೯೫೧ರಲ್ಲಿ ಜಪಾನಿ ಭಾಷೆಯಲ್ಲಿಯೂ ೧೯೫೫ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾದ ಆ ಗ್ರಂಥದ ಪ್ರಕಾರ, ಬಾಂಬುಗಳು ಬಿದ್ದಾಗ ಜಪಾನಿ ನೌಕೆಗಳ ಡೆಕ್ಕುಗಳಲ್ಲಿ ದಾಳಿ ವಿಮಾನಗಳು ಹಾರಲು ಸಿದ್ಧವಾಗಿ ನಿಂತಿದ್ದವು. ಇನ್ನು ಐದು ನಿಮಿಷ ಸಿಕ್ಕಿದ್ದರೆ ಚರಿತ್ರೆಯೇ ಬದಲಾಗುತ್ತಿತ್ತು. ಇದು ಮಹಾಕಾವ್ಯಕ್ಕೆ ಒಪ್ಪುವ ದುರಂತದ ಚಿತ್ರ. ಆದರೆ ಜಪಾನಿನ ಅಧಿಕೃತ ಯುದ್ಧೇತಿಹಾಸ ಮಾಲೆಯ ೧೯೭೧ರ ಮಿಡ್ವೇ ಸಂಪುಟವು ಈ ಚಿತ್ರವನ್ನು ಬೆಂಬಲಿಸಲಿಲ್ಲ. ಜೊನಾಥನ್ ಪಾರ್ಶಲ್ ಮತ್ತು ಆಂಟನಿ ಟುಲ್ಲಿ ೨೦೦೫ರ ತಮ್ಮ 'ಶ್ಯಾಟರ್ಡ್ ಸ್ವೋರ್ಡ್' ಕೃತಿಯಲ್ಲಿ ಜಪಾನಿ ದಾಖಲೆಗಳನ್ನು ಪರಿಶೀಲಿಸಿ, ಆ ಹೊತ್ತಿನಲ್ಲಿ ಡೆಕ್ಕುಗಳು ರಕ್ಷಣಾ ವಿಮಾನಗಳ ಇಳಿಕೆ ಏರಿಕೆಗಳಲ್ಲಿ ಮಗ್ನವಾಗಿದ್ದವೆಂದೂ, ದಾಳಿ ವಿಮಾನಗಳು ಬಹುಪಾಲು ಕೆಳಗಿನ ಹ್ಯಾಂಗರುಗಳಲ್ಲೇ ಇದ್ದವೆಂದೂ ತೋರಿಸಿದರು.

ಕದನದ ಫಲಿತಾಂಶ ಎರಡು ಪಾಠಗಳಲ್ಲೂ ಒಂದೇ. ಆಟದ ನಿಯಮವಾಗುವಾಗ ಮಾತ್ರ ಅವು ಬೇರೆಯಾಗುತ್ತವೆ. ಮೊದಲನೆಯ ಪಾಠವನ್ನು ಒಪ್ಪಿದ ವಿನ್ಯಾಸಕನಿಗೆ ಮಿಡ್ವೇ ಎಂದರೆ ಒಂದು ಗರದ ಲೆಕ್ಕ. ಐದು ನಿಮಿಷದ ಅದೃಷ್ಟವನ್ನು ದಾಳದಿಂದ ತೀರ್ಮಾನಿಸಿದರೆ ಸಾಕು. ಎರಡನೆಯದನ್ನು ಒಪ್ಪಿದವನು ಡೆಕ್ಕನ್ನು ಸೀಮಿತ ಸಂಪನ್ಮೂಲವಾಗಿ ಕಾಣಬೇಕಾಗುತ್ತದೆ. ಒಂದೇ ಡೆಕ್ಕಿನಲ್ಲಿ ಅದೇ ಹೊತ್ತಿಗೆ ರಕ್ಷಣಾ ವಿಮಾನಗಳನ್ನು ಇಳಿಸಿಕೊಳ್ಳುತ್ತ ದಾಳಿ ವಿಮಾನಗಳನ್ನು ಸಾಲಾಗಿ ನಿಲ್ಲಿಸಲಾಗದು ಎಂಬ ನಿಯಮ ಬೇಕಾಗುತ್ತದೆ. ಆಗ, ಬೆಳಗಿನಿಂದ ಗುರಿತಪ್ಪುತ್ತ ಬಂದ ಅಮೆರಿಕದ ದಾಳಿಗಳಿಗೂ ಅರ್ಥ ಬರುತ್ತದೆ. ಒಂದು ಬಾಂಬನ್ನೂ ತಾಗಿಸಲಾಗದ ದಾಳಿಯೂ ಶತ್ರುವಿನ ಡೆಕ್ಕನ್ನು ರಕ್ಷಣೆಯ ಕೆಲಸಕ್ಕೆ ಕಟ್ಟಿಹಾಕುತ್ತದೆ. ಟಾರ್ಪಿಡೊ ಸ್ಕ್ವಾಡ್ರನ್ ೮ರ ಹದಿನೈದು ವಿಮಾನಗಳೂ ಅಂದು ನಾಶವಾದವು. ಮೂವತ್ತು ಮಂದಿಯಲ್ಲಿ ಉಳಿದವನು ಒಬ್ಬ. 'ಐದು ನಿಮಿಷ'ದ ಕಥನದಲ್ಲಿ ಅವರು ವ್ಯರ್ಥ ಬಲಿದಾನಿಗಳು ಅಥವಾ ಶತ್ರುವಿನ ಗಮನ ಸೆಳೆದವರು. ಡೆಕ್ಕಿನ ಕಾಲವನ್ನು ಲೆಕ್ಕವಿಡುವ ಕಥನದಲ್ಲಿ ಅವರು ಕಾಲವನ್ನು ಕಸಿದುಕೊಂಡವರು.

ಇಲ್ಲಿ ನಮಗೆ ಮುಖ್ಯವಾದ ಭಾಷಿಕ ಸಂಗತಿಯೊಂದಿದೆ. ೧೯೭೧ರಲ್ಲಿ ಜಪಾನಿಯಲ್ಲಿ ಪ್ರಕಟವಾದ ವಿವರಣೆಯು ಇಂಗ್ಲಿಷ್ ಓದುಗರ ತಿಳಿವಳಿಕೆಯನ್ನು ಬದಲಿಸಲು ಮೂರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಅವಧಿಯಲ್ಲಿ ಇಂಗ್ಲಿಷ್ ಮೂಲಗಳನ್ನೇ ನೆಚ್ಚಿದ ಚರಿತ್ರೆಗಳೂ ಆಟಗಳೂ ಒಬ್ಬ ಸಾಕ್ಷಿಯ ಮಾತನ್ನು ಪರಂಪರೆಯಾಗಿಸಿದವು. ಜಗತ್ತಿನ ಯುದ್ಧಗಳನ್ನು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಓದುವ ಕನ್ನಡ ವಿದ್ವಾಂಸರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

೫. ಯಮಾಟೊ ನೌಕೆಯ ದಾಳಗಳು

ಮಿಡ್ವೇ ಕದನವನ್ನು ಅದು ನಡೆಯುವ ಮೊದಲೇ ಆಡಲಾಗಿತ್ತು. ೧೯೪೨ರ ಮೇ ತಿಂಗಳ ಆರಂಭದಲ್ಲಿ ಯಮಾಟೊ ಯುದ್ಧನೌಕೆಯ ಮೇಲೆ ಜಪಾನಿ ಅಧಿಕಾರಿಗಳು ಅಡ್ಮಿರಲ್ ಉಗಾಕಿಯ ಮೇಲ್ವಿಚಾರಣೆಯಲ್ಲಿ ಸಮರಕ್ರೀಡೆ ನಡೆಸಿದರು. ಫುಚಿದಾ ಮತ್ತು ಒಕುಮಿಯಾ ನೀಡುವ ವಿವರಣೆಯಂತೆ, ಮಿಡ್ವೇ ದ್ವೀಪದ ವಿಮಾನಗಳ ದಾಳಿಯಲ್ಲಿ ಒಂಬತ್ತು ಬಾಂಬುಗಳು ತಾಗಿ ಅಕಾಗಿ ಮತ್ತು ಕಾಗಾ ಮುಳುಗಿದವೆಂದು ದಾಳಗಳು ತೋರಿಸಿದವು. ಉಗಾಕಿ ಆ ಸಂಖ್ಯೆಯನ್ನು ಮೂರಕ್ಕೆ ಇಳಿಸಿ ಅಕಾಗಿಯನ್ನು ಉಳಿಸಿದರು. ಮುಂದೆ, ಮುಳುಗಿದ ಕಾಗಾ ಕೂಡ ನಂತರದ ಹಂತದ ಆಟದಲ್ಲಿ ಮತ್ತೆ ಕಾಣಿಸಿಕೊಂಡಿತು.

ಈ ಪ್ರಸಂಗವನ್ನು ದುರಹಂಕಾರಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ. ಅದು ಸಿಂಹಾವಲೋಕನದ ಓದು. ನಿಜವಾದ ಕದನದಲ್ಲಿ ಮಿಡ್ವೇ ದ್ವೀಪದಿಂದ ಹಾರಿದ ವಿಮಾನಗಳ ಒಂದು ಬಾಂಬೂ ಜಪಾನಿ ವಿಮಾನವಾಹಕಗಳಿಗೆ ತಾಗಲಿಲ್ಲ. ಆ ಒಂದು ಅಂಶದ ಮಟ್ಟಿಗೆ ದಾಳಕ್ಕಿಂತ ಉಗಾಕಿಯ ತಿದ್ದುಪಡಿಯೇ ಮುಂದಾದುದಕ್ಕೆ ಹತ್ತಿರವಾಗಿತ್ತು. ಆಟದ ನಿಜವಾದ ದೋಷ ಬೇರೆಡೆ ಇತ್ತು. ಅಮೆರಿಕದ ವಿಮಾನವಾಹಕಗಳು ಎಲ್ಲಿರಬಹುದು ಎಂಬ ಪ್ರಶ್ನೆಯನ್ನು ಅದು ತೆರೆದಿಡಲಿಲ್ಲ. ಯೋಜನೆಯು ಬಯಸಿದ ಸ್ಥಳದಲ್ಲೇ ಶತ್ರುವನ್ನು ಇರಿಸಿತು. ಅಮೆರಿಕದವರು ಸಂಕೇತಲಿಪಿಯನ್ನು ಭೇದಿಸಿ ಮೊದಲೇ ಅಲ್ಲಿ ಕಾದಿರಬಹುದೆಂಬ ಸಾಧ್ಯತೆಗೆ ಆ ಹಾಸಿನ ಮೇಲೆ ಮನೆಯೇ ಇರಲಿಲ್ಲ.

ನಗುಮೊ ಅವರ ಆಯುಧ ಬದಲಾವಣೆಯ ನಿರ್ಧಾರವನ್ನೂ ಹೀಗೆಯೇ ಮರುಪರಿಶೀಲಿಸಬಹುದು. ಮಿಡ್ವೇಗೆ ಎರಡು ತಿಂಗಳ ಮೊದಲು, ಏಪ್ರಿಲ್ ೫ರಂದು, ಅವರ ಪಡೆ ಕೊಲಂಬೊ ಮೇಲೆ ದಾಳಿ ನಡೆಸಿತ್ತು. ಅಂದೂ ಮೀಸಲು ವಿಮಾನಗಳಿಗೆ ಭೂದಾಳಿಯ ಬಾಂಬು ಜೋಡಿಸುವ ಆದೇಶ ಹೊರಟಿತ್ತು. ಅಂದೂ ನಡುವೆ ಬ್ರಿಟಿಷ್ ಹಡಗುಗಳು ಕಂಡವೆಂಬ ವರದಿ ಬಂದು ಆದೇಶ ತಿರುವು ಪಡೆದಿತ್ತು. ಅಂದಿನ ಫಲಿತಾಂಶ ಡಾರ್ಸೆಟ್‌ಶೈರ್ ಮತ್ತು ಕಾರ್ನ್‌ವಾಲ್ ಎಂಬ ಎರಡು ಬ್ರಿಟಿಷ್ ಕ್ರೂಸರುಗಳ ಮುಳುಗಡೆ. ಒಂದೇ ಬಗೆಯ ನಡೆ ಕೊಲಂಬೊ ಬಳಿ ಗೆಲುವಿನ ಕಥೆಯಲ್ಲಿ ಲೀನವಾಗಿ ಮರೆಯಾಯಿತು, ಮಿಡ್ವೇಯಲ್ಲಿ ಮಹಾಪ್ರಮಾದವೆನಿಸಿತು. ನಿರ್ಧಾರದ ಗುಣವನ್ನು ಫಲಿತಾಂಶದಿಂದ ಅಳೆಯುವ ಅಭ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಅಪರೂಪ.

೬. ಬಲ್ಲವನ ಆಟ

ಆಟವು ಶತ್ರುವಿನ ಸ್ಥಾನವನ್ನು ಮರೆಮಾಚಬಲ್ಲದು. ಆಟಗಾರನು ಓದಿದ ಚರಿತ್ರೆಯನ್ನು ಮರೆಮಾಚಲಾರದು. ಮಿಡ್ವೇ ಆಟದಲ್ಲಿ ಜಪಾನಿನ ಪಕ್ಷ ವಹಿಸಿದವನಿಗೆ ಅಮೆರಿಕದ ಮೂರು ವಿಮಾನವಾಹಕಗಳು ಬಂದಿವೆಯೆಂಬುದು ಗೊತ್ತು. ನಗುಮೊಗೆ ಗೊತ್ತಿರಲಿಲ್ಲ.

ಇಡೀ ಯುದ್ಧವನ್ನು ಆಡಿಸುವ ಆಟಗಳಲ್ಲಿ ಈ ತೊಡಕು ಇನ್ನೊಂದು ರೂಪ ಪಡೆಯುತ್ತದೆ. ಅಲ್ಲಿ ಮಿಡ್ವೇ ಕದನವೇ ನಡೆಯದಿರಬಹುದು. ಎಸೆಕ್ಸ್ ವರ್ಗದ ಹೊಸ ವಿಮಾನವಾಹಕಗಳು ೧೯೪೩ರಲ್ಲಿ ಒಂದರ ಹಿಂದೊಂದು ಬರಲಿವೆಯೆಂದು ತಿಳಿದ ಅಮೆರಿಕನ್ ಪಕ್ಷದ ಆಟಗಾರ, ೧೯೪೨ರ ತನ್ನ ಕೆಲವೇ ನೌಕೆಗಳನ್ನು ದೂರದ ಬಂದರುಗಳಲ್ಲಿ ಜೋಪಾನವಾಗಿ ಇಡುತ್ತಾನೆ. ಜಪಾನಿ ಆಟಗಾರ ತನ್ನ ದೊಡ್ಡ ವಿಮಾನವಾಹಕಗಳನ್ನು ಒಂದೇ ಪಡೆಯಾಗಿ ಕೂಡಿಸಿಡುತ್ತಾನೆ, ಏಕೆಂದರೆ ಚರಿತ್ರೆಯಲ್ಲಿ ಅವು ಚದುರಿದುದರ ಫಲವನ್ನು ಅವನು ಓದಿದ್ದಾನೆ. ಇಬ್ಬರೂ ಲೆಕ್ಕದ ದೃಷ್ಟಿಯಿಂದ ಸರಿ. ಆದರೆ ಹೊಸ ಹಡಗುಗಳು ನಿರ್ಮಾಣದಲ್ಲಿವೆಯೆಂದು ನಿಮಿತ್ಸ್ ಅವರಿಗೂ ತಿಳಿದಿತ್ತು. ಹಾಗಿದ್ದೂ ಅವರು ಕಾಯಲಿಲ್ಲ. ಲೆಕ್ಕ ಹಾಕಿದ ಅಪಾಯವನ್ನು ಮಾತ್ರ ಸ್ವೀಕರಿಸಬೇಕೆಂಬ ಸೂಚನೆಯೊಡನೆ ಮೂರು ನೌಕೆಗಳನ್ನು ಮಿಡ್ವೇಗೆ ಕಳುಹಿಸಿದರು. ಸೋಲನ್ನು ಮೊದಲೇ ಓದಿದವನು ಆ ಧೈರ್ಯವನ್ನು ಆಟದಲ್ಲಿ ತೋರುವುದು ಕಷ್ಟ. ತಿಳಿವಳಿಕೆಯು ಇಲ್ಲಿ ಆಟಗಾರನನ್ನು ಅಂಜುಬುರುಕನನ್ನಾಗಿಸುತ್ತದೆ. ಅಂದಿನ ನಿರ್ಧಾರವೊಂದು ಎಷ್ಟು ಭಾರವಾಗಿತ್ತೆಂಬುದು, ಅದನ್ನು ಮತ್ತೆ ಮಾಡಲು ಹಿಂಜರಿಯುವ ಕೈಗೆ ತಿಳಿಯುತ್ತದೆ.

೭. ಆಟದ ಹೊರಗೆ ಉಳಿಯುವುದು

ಈ ಪ್ರಕಾರದ ಮಿತಿಗಳನ್ನೂ ಗುರುತಿಸಬೇಕು. ನಿಯಮದಲ್ಲಿ ಇಲ್ಲದ ಸಾಧ್ಯತೆ ಆಟದಲ್ಲಿ ಹುಟ್ಟಲಾರದು. ನ್ಯೂಪೋರ್ಟಿನ ನೌಕಾ ಯುದ್ಧ ಕಾಲೇಜಿನಲ್ಲಿ ಜಪಾನಿನೊಡನೆ ನಡೆಯಬಹುದಾದ ಯುದ್ಧವನ್ನು ಎರಡು ಮಹಾಯುದ್ಧಗಳ ನಡುವೆ ಹಲವು ಬಾರಿ ಆಡಲಾಗಿತ್ತು. ಯುದ್ಧದ ಕೊನೆಯ ಹಂತದ ಆತ್ಮಾಹುತಿ ವಿಮಾನದಾಳಿಯ ಹೊರತು ಬೇರಾವುದೂ ತಮಗೆ ಅನಿರೀಕ್ಷಿತವಾಗಿರಲಿಲ್ಲವೆಂದು ನಿಮಿತ್ಸ್ ಯುದ್ಧಾನಂತರ ಹೇಳಿದ್ದರು. ಆ ಒಂದು ಹೊರತು ಸಣ್ಣದಲ್ಲ. ಹಡಗು ಮತ್ತು ವಿಮಾನಗಳನ್ನು ಎಣಿಸಿದ ಆಟಗಳು ಮನುಷ್ಯನು ತನ್ನನ್ನೇ ಆಯುಧವಾಗಿಸಬಲ್ಲನೆಂಬುದನ್ನು ಎಣಿಸಿರಲಿಲ್ಲ.

ಎರಡನೆಯದು ಕಾಯಿಯ ಒಳಗಿರುವ ಮನುಷ್ಯನ ಪ್ರಶ್ನೆ. ೧೯೪೪ರ ಜೂನ್ ೨೦ರ ಸಂಜೆ, ಫಿಲಿಪ್ಪೀನ್ ಸಮುದ್ರದಲ್ಲಿ ಅಡ್ಮಿರಲ್ ಮಿಚರ್, ಕತ್ತಲಲ್ಲಿ ಮರಳಬೇಕಾಗುವುದೆಂದು ತಿಳಿದೂ ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ಬಹುದೂರದ ಶತ್ರುವಿನೆಡೆಗೆ ಕಳುಹಿಸಿದರು. ಕಾದಾಟದಲ್ಲಿ ನಷ್ಟವಾದವು ಸುಮಾರು ಇಪ್ಪತ್ತು. ಇಂಧನ ತೀರಿಯೋ ಇಳಿಯುವಾಗಲೋ ಕಳೆದುಹೋದವು ಸುಮಾರು ಎಂಬತ್ತು. ಜಲಾಂತರ್ಗಾಮಿಗಳ ಭಯವಿದ್ದರೂ ಹಡಗುಗಳ ದೀಪಗಳನ್ನು ಹೊತ್ತಿಸಲು ಅವರು ಆದೇಶಿಸಿದರು. ನೀರಿಗಿಳಿದ ವೈಮಾನಿಕರಲ್ಲಿ ಹೆಚ್ಚಿನವರು ಬದುಕಿ ಬಂದರು. ಆಟದಲ್ಲಿ ಇದೆಲ್ಲ ದೂರಮಿತಿ ಮೀರಿದ್ದಕ್ಕೆ ಶೇಕಡಾವಾರು ನಷ್ಟ ಎಂಬ ಒಂದು ಸಾಲು. ಕಳುಹಿಸುವ ನಿರ್ಧಾರವನ್ನು ಆಟಗಾರ ಮಾಡಬಲ್ಲ. ದೀಪ ಹೊತ್ತಿಸುವ ನಿರ್ಧಾರವನ್ನು ಮಾಡಲು ಅಲ್ಲಿ ಅವಕಾಶವಿಲ್ಲ. ಮಿಡ್ವೇಯಲ್ಲಿ ಸತ್ತ ಸುಮಾರು ೩,೦೦೦ ಜಪಾನಿಯರು ಮತ್ತು ಸುಮಾರು ೩೦೦ ಅಮೆರಿಕನ್ನರು ಫಲಿತಾಂಶ ಪಟ್ಟಿಯಲ್ಲಿ ಹಡಗುಗಳ ಹೆಸರಾಗಿ ಮಾತ್ರ ಉಳಿಯುತ್ತಾರೆ. ಸತ್ತವನೊಬ್ಬನ ಹೆಸರನ್ನು ಕಲ್ಲಿನಲ್ಲಿ ಉಳಿಸುವ ವೀರಗಲ್ಲಿನ ಪರಂಪರೆಯನ್ನು ಬಲ್ಲ ಓದುಗರಿಗೆ ಈ ಕೊರತೆ ಕೂಡಲೇ ಎದ್ದು ಕಾಣುವಂಥದು.

೮. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಹೊರಡುತ್ತವೆ. ಮೊದಲನೆಯದಾಗಿ, ಸಮರಕ್ರೀಡೆಯ ನಿಯಮಾವಳಿಯು ಮೂಲ ಆಕರಗಳ ಮೇಲಿನ ವ್ಯಾಖ್ಯಾನ. ಆಕರ ಬದಲಾದರೆ ನಿಯಮವೂ ಬದಲಾಗಬೇಕು. ಟೀಕುಗಳನ್ನು ಮೂಲದೊಡನೆ ಹೋಲಿಸಿ ಓದುವ ನಮ್ಮ ಪಾಠಾಂತರ ವಿಮರ್ಶೆಯ ಕ್ರಮವನ್ನು ಇಲ್ಲಿಯೂ ಬಳಸಬಹುದು. ಎರಡನೆಯದಾಗಿ, ಯಾರಿಗೆ, ಯಾವಾಗ, ಎಷ್ಟು ತಿಳಿದಿತ್ತು ಎಂಬ ಪ್ರಶ್ನೆಯನ್ನು ಆಟವು ಕಡ್ಡಾಯಗೊಳಿಸುತ್ತದೆ. ಕಾವ್ಯದ ಯುದ್ಧಭಾಗಗಳನ್ನು ಪಾಠ ಹೇಳುವಾಗ, ಒಂದು ಪಾತ್ರದ ನಿರ್ಧಾರವನ್ನು ಕಥೆಯ ಅಂತ್ಯದ ಬೆಳಕಿನಲ್ಲಿ ತೂಗುವ ಮುನ್ನ, ಆ ಕ್ಷಣದಲ್ಲಿ ಅದಕ್ಕೆ ತಿಳಿದಿದ್ದುದನ್ನು ಮಾತ್ರ ವಿದ್ಯಾರ್ಥಿಗಳಿಂದ ಪಟ್ಟಿಮಾಡಿಸುವುದು ಇದೇ ಪ್ರಶ್ನೆಯ ಉಪಯುಕ್ತ ಪ್ರಯೋಗವಾಗುತ್ತದೆ. ಮೂರನೆಯದಾಗಿ, ಆಟವು ಅನಿಶ್ಚಿತತೆಯನ್ನು ಮರಳಿಸುತ್ತದೆಯೇ ಹೊರತು ವೇದನೆಯನ್ನಲ್ಲ. ಅದಕ್ಕೆ ಕಾವ್ಯವೂ ಶಾಸನವೂ ಬೇಕು.

ಸಿಂಹಾವಲೋಕನವು ಕಥನದ ದೊಡ್ಡ ಶಕ್ತಿ. ಅದಿಲ್ಲದೆ ಯುದ್ಧಕ್ಕೆ ಅರ್ಥವನ್ನು ಕೊಡಲಾಗದು. ಆದರೆ ಹಿಂದಿರುಗಿ ನೋಡುವ ಸಿಂಹಕ್ಕೆ ತಾನು ನಡೆದುಬಂದ ಒಂದೇ ದಾರಿ ಕಾಣುತ್ತದೆ. ಹಿಡಿಯದೆ ಬಿಟ್ಟ ದಾರಿಗಳನ್ನು ಪರೀಕ್ಷಿಸಲು ವಿಮಾನವಾಹಕ ಯುದ್ಧದ ಆಟಗಳು ಒಂದು ಸಾಧನ. ಕನ್ನಡದ ಕಥನಮೀಮಾಂಸೆಯು ಈ ಸಾಧನವನ್ನು ಪರಿಚಯಿಸಿಕೊಂಡರೆ ನಮ್ಮ ಯುದ್ಧಕಾವ್ಯಗಳ ಅಧ್ಯಯನಕ್ಕೂ ಅದರಿಂದ ಪ್ರಯೋಜನ ದೊರೆಯುವುದು.